ಕೆರೆಯಂಗಳದಲ್ಲಿ ಅರವತ್ತು ಹೆಜ್ಜೆ

ಯಾರಾದರೂ ತಾವು ತೆಗೆದ ಫೋಟೋ ಕೈಗೆ ಕೊಟ್ಟರೆ ಕಾಕಾ ಮೊದಲು ಅದನ್ನು ಮಗುಚಿ ಹಿಂಬದಿ ನೋಡುತ್ತಿದ್ದರು. ಮುಂಬದಿಯ ಚಿತ್ರಕ್ಕೆ ಬರುತ್ತಿದ್ದದ್ದು ಆಮೇಲೆ. ಹಿಂದೆ ಏನೂ ಬರೆದಿರದಿದ್ದರೆ ಫೋಟೋವನ್ನು ಮಗುಚಿಯೇ ಮೇಜಿನ ಮೇಲಿಟ್ಟು, ಮಫ್ಲರಿನ ತುದಿಯಿಂದ ಕನ್ನಡಕ ಒರೆಸಿಕೊಳ್ಳುತ್ತ ನಲ್ಲಿ ನೀರಿನ ತಾಪತ್ರಯದ ಬಗ್ಗೆ ಮಾತು ತೆಗೆಯುತ್ತಿದ್ದರು. ಕೊಟ್ಟವರಿಗೆ ತಮ್ಮ ತಪ್ಪು ಹೊಳೆಯುವವರೆಗೂ ಆ ಮಾತು ನಡೆಯುತ್ತಿತ್ತು.

ಈ ಚಳಿಗಾಲದ ಮೊದಲಲ್ಲಿ ಅವರು ತೀರಿಕೊಂಡರು. ವಯಸ್ಸಾಗಿತ್ತು, ಹಳೆಯ ಕೆಮ್ಮಿತ್ತು, ಒಂದು ವಾರ ಜ್ವರ ಬಂತು, ಹೋದರು. ನಮ್ಮ ಫೋಟೋ ಗೆಳೆಯರ ಗುಂಪಿನಲ್ಲಿ ಈಗ ಉಳಿದಿರುವವರು ನಾಲ್ಕೇ ಜನ. ನೆನಪಿಗೆ ನಾಲ್ಕು ಮಾತು ಬರೆಯಬೇಕು, ಅದನ್ನು ನಾನೇ ಬರೆಯಬೇಕು ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ. ಕಾರಣವನ್ನೂ ಕೊಟ್ಟಿದ್ದಾರೆ: ಕೆರೆಯ ಹೂಳಿನಿಂದ ಅವರ ಜೀವ ಉಳಿಸಿದವಳು ನಾನು. ಈ ವಾಕ್ಯವನ್ನು ಹದಿನೆಂಟು ವರ್ಷದಿಂದ ಕೇಳುತ್ತಿದ್ದೇನೆ. ಕೇಳಿ ಕೇಳಿ ಸುಸ್ತಾಗಿದೆ. ಅದು ನಿಜವಲ್ಲ ಎಂಬುದನ್ನೂ ಸೇರಿಸಿಯೇ ಬರೆಯುತ್ತೇನೆ.

ಅವರು ಸರಕಾರಿ ಇಲಾಖೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮೂಲದಲ್ಲಿ ಲಿಂಗಸುಗೂರಿನ ಕಡೆಯವರು; ತಂದೆಯ ಕಾಲಕ್ಕೇ ಹೈದರಾಬಾದಿಗೆ ಬಂದ ಮನೆತನ. ಕಚೇರಿಯಲ್ಲಿ ಉರ್ದು, ಬಸ್ಸಿನಲ್ಲಿ ತೆಲುಗು, ಮನೆಯಲ್ಲಿ ಮಾತ್ರ ಅಪ್ಪಟ ಕನ್ನಡ. ಅವರ ತೆಲುಗು ಕೇಳಿದವರು ಸಾರು ಯಾವೂರಿನವರು ಎಂದು ಕೇಳದೆ ಇರುತ್ತಿರಲಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಎರಡು ಕೋಣೆಯ ಮನೆ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು; ನಾನು ಕಾಕಾ ಎನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕು. ಅವರು ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು. ನಾನಾಗ ಬಿ.ಎಸ್‌ಸಿ. ಮುಗಿಸಿ ನಾಚಾರಂನ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಉಪ್ಪಲ್‌ನಲ್ಲಿ ಅಣ್ಣನ ಮನೆಯಲ್ಲಿದ್ದೆ. ಭಾನುವಾರ ಬೆಳಿಗ್ಗೆ ಕುತ್ತಿಗೆಗೆ ಕ್ಯಾಮೆರಾ ಹಾಕಿಕೊಂಡು ಹೊರಡುವ ಹುಡುಗಿಯನ್ನು ಬೀದಿಯವರು ಬಾಗಿಲಿಗೆ ಬಂದು ನೋಡುತ್ತಿದ್ದ ಕಾಲ.

ನಮ್ಮದು ಎಂಟು ಮನೆಗಳ ಗುಂಪು. ಸಂಘ ಎನ್ನುವಂತಿರಲಿಲ್ಲ, ಹೆಸರೂ ಇರಲಿಲ್ಲ. ಇದ್ದದ್ದು ಒಂದು ತಗಡಿನ ಪೆಟ್ಟಿಗೆ. ಅವರ ಕಚೇರಿಯಲ್ಲಿ ನಕ್ಷೆ ಇಡಲು ಬಳಸಿ ಬಿಟ್ಟಿದ್ದ ಅಗಲವಾದ ಹಳೇ ಪೆಟ್ಟಿಗೆ. ಅದು ವಾರಕ್ಕೊಂದು ಮನೆಯಂತೆ ಊರು ಸುತ್ತುತ್ತಿತ್ತು. ಬಂದಾಗ ನಮ್ಮ ಹಳೆಯ ಫೋಟೋ ತೆಗೆದುಕೊಂಡು ಹೊಸದೊಂದನ್ನು ಇಡಬೇಕು. ಉಳಿದ ಏಳು ಜನರ ಫೋಟೋ ನೋಡಿ, ಪ್ರತಿಯೊಂದರ ಜೊತೆಗಿರುವ ಹಾಳೆಯಲ್ಲಿ ಅನಿಸಿದ್ದನ್ನು ಬರೆದು ಸಹಿ ಹಾಕಬೇಕು. ಆಮೇಲೆ ಪೆಟ್ಟಿಗೆಯನ್ನು ಬಸ್ಸಿನಲ್ಲೋ ಲೋಕಲ್ ರೈಲಿನಲ್ಲೋ ಹೊತ್ತು ಮುಂದಿನ ಮನೆಗೆ ಮುಟ್ಟಿಸಬೇಕು. ವರ್ಷವಿಡೀ ತಿರುಗಿದರೂ ಎಲ್ಲರೂ ಕಾಯುತ್ತಿದ್ದದ್ದು ಚಳಿಗಾಲದ ಸುತ್ತಿಗೆ. ದೀಪಾವಳಿಯಿಂದ ಶಿವರಾತ್ರಿಯೊಳಗೆ ಬಯಲಿನಲ್ಲಿ ತೆಗೆದದ್ದು ಮಾತ್ರ ಅದರಲ್ಲಿ ಹೋಗಬೇಕು: ಕೆರೆಗೆ ಬಂದಿಳಿಯುವ ಪಟ್ಟೆತಲೆ ಹೆಬ್ಬಾತು, ಬಂಡೆಗಳ ನಡುವಿನ ಮಂಜು, ಹುಲ್ಲಿನ ಮೇಲಿನ ಇಬ್ಬನಿ, ಕಂಬಳಿ ಹೊದ್ದು ಎಮ್ಮೆ ಹೊಡೆದುಕೊಂಡು ಹೋಗುವವರು.

ಹಿಂಬದಿ ಬರೆಯುವ ನಿಯಮ ಅವರದೇ. ಎಲ್ಲಿ, ಯಾವ ಹೊತ್ತು, ಯಾವ ಲೆನ್ಸು, ಮುಖ್ಯವಾಗಿ ತೆಗೆದವರು ನಿಂತ ಜಾಗ. ಎಷ್ಟು ಹೆಜ್ಜೆ, ಯಾವ ಗುರುತಿನಿಂದ, ಕಾಲಡಿಯ ನೆಲ ಹೇಗಿತ್ತು. “ಹಕ್ಕಿ ಎಲ್ಲಿತ್ತು ಅನ್ನೂದು ಎಲ್ಲಾರಿಗೂ ಕಾಣತೈತಿ. ನೀ ಎಲ್ಲಿದ್ದಿ, ಅದನ್ನ ಬರಿ,” ಎನ್ನುತ್ತಿದ್ದರು. ನಿಮ್ಮ ಚಿತ್ರ ಇಷ್ಟವಾದರೆ ಇನ್ನೊಬ್ಬರು ಅದೇ ಜಾಗಕ್ಕೆ ಹೋಗಿ ನಿಂತು ನೋಡಬಹುದು ಎಂಬುದು ಅವರ ಲೆಕ್ಕ. ಸ್ವತಃ ಅವರೇ ಹೋಗುತ್ತಿದ್ದರು ಕೂಡ. ಬೇರೆಯವರ ಹಾಳೆಯಿಂದ ವಿವರ ಬರೆದುಕೊಂಡು ಮಂಕಿ ಕ್ಯಾಪು, ಸಕ್ಕರೆಯಿಲ್ಲದ ಚಹಾದ ಫ್ಲಾಸ್ಕು, ಟ್ರೈಪಾಡು ಹಿಡಿದು ಹೊರಟು, ಆ ಜಾಗ ಹುಡುಕಿ ನಿಂತು, ಎಷ್ಟೋ ಸಲ ಏನೂ ತೆಗೆಯದೆ ವಾಪಸು ಬರುತ್ತಿದ್ದರು. ಇಡೀ ಚಳಿಗಾಲಕ್ಕೆ ಅವರು ತೆಗೆಯುತ್ತಿದ್ದದ್ದು ಹನ್ನೆರಡೇ ಫೋಟೋ. ಹದಿಮೂರನೆಯದಕ್ಕೆ ಹಕ್ಕಿ ಬಂದು ತಲೆಯ ಮೇಲೆ ಕೂತರೂ ಕ್ಯಾಮೆರಾ ಚೀಲದಿಂದ ಹೊರಗೆ ಬರುತ್ತಿರಲಿಲ್ಲ.

ನನ್ನ ಮೊದಲ ಚಳಿಗಾಲದಲ್ಲಿ ಒಂದು ಮಂಜಿನ ಚಿತ್ರ ಇಟ್ಟಿದ್ದೆ. ಬೇಲಿ, ಬೇವಿನ ಮರ, ಅದರಾಚೆ ಎಲ್ಲ ಬೆಳ್ಳಗೆ. ಹೆಮ್ಮೆಯಿತ್ತು. ಅವರು ಹಿಂಬದಿಯ ಜಾಗ ಓದಿದರು, ಮುಂಬದಿ ನೋಡಿದರು, ಮತ್ತೆ ಹಿಂಬದಿ ಓದಿದರು. “ತಂಗಿ, ನಿಮ್ಮ ನಾಚಾರಂ ಹೊಗಿ ತಂದು ನನಗ ಮಂಜು ಅಂತ ಕೊಡಾಕತ್ತೀಯೇನು?” ಎಂದರು. ನಿಜಕ್ಕೂ ಅದು ಪಕ್ಕದ ಕಾರ್ಖಾನೆಯ ಬಾಯ್ಲರಿನ ಹೊಗೆ. ತೆಗೆಯುವಾಗ ನನಗೂ ಅನುಮಾನವಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಾಳೆಯಲ್ಲಿ ಅವರು ತಮ್ಮ ನಕ್ಷೆಯ ಓರೆ ಅಕ್ಷರದಲ್ಲಿ “ಹೊಗೆಯ ಚಿತ್ರವಾಗಿ ಚೆನ್ನಾಗಿದೆ” ಎಂದು ಬರೆದು ಸಹಿ ಹಾಕಿದ್ದರು.

ಆ ನಗು ನೋಯಿಸಲಿಲ್ಲ. ನೋಯಿಸಿದ್ದು ಇನ್ನೊಬ್ಬರ ಬರಹ. ಬ್ಯಾಂಕಿನಲ್ಲಿದ್ದ ಮೂರ್ತಿ ಎಂಬ ಗೆಳೆಯರು, ತೆಲುಗಿನವರು, ಒಳ್ಳೆಯವರೇ, ಪ್ರತಿ ಸುತ್ತಿನಲ್ಲೂ ನನ್ನ ಹಾಳೆಯಲ್ಲಿ ಒಂದು ಚುಚ್ಚುಮಾತು ಬರೆಯುತ್ತಿದ್ದರು. ಈಕೆಯ ಹಕ್ಕಿಗಳು ಯಾವಾಗಲೂ ಊಟ ಮುಗಿಸಿ ಹೊರಟ ಮೇಲೆಯೇ ಸಿಗುತ್ತವೆ ಎಂದು ಒಮ್ಮೆ. ಸೀರೆಯ ನೆರಿಗೆ ಒದ್ದೆಯಾಗದಷ್ಟು ದೂರದಿಂದ ತೆಗೆದ ಚಿತ್ರ ಎಂದು ಇನ್ನೊಮ್ಮೆ. ಗುಂಪಿನಲ್ಲಿ ಹೆಂಗಸು ನಾನೊಬ್ಬಳೇ. ಎಂಟೂ ಮನೆಯ ಜನ ಆ ಹಾಳೆ ಓದುತ್ತಿದ್ದರು.

ಮೂರನೆಯ ಚಳಿಗಾಲದಲ್ಲಿ ನಾನು ಸುಳ್ಳು ಬರೆದೆ. ಲಿಂಗಂಪಲ್ಲಿಯಿಂದ ಆಚೆಗೆ ಒಂದು ಕೆರೆ, ಅಲ್ಲಿನವರು ಪೆದ್ದ ಚೆರುವು, ಅಂದರೆ ದೊಡ್ಡ ಕೆರೆ, ಎನ್ನುತ್ತಿದ್ದರು. ಅಣ್ಣನ ಸ್ನೇಹಿತರೊಬ್ಬರಿಂದ ದೂರದ್ದನ್ನು ಹತ್ತಿರ ತೋರಿಸುವ ಉದ್ದನೆಯ ಲೆನ್ಸು ಒಂದು ದಿನದ ಮಟ್ಟಿಗೆ ಎರವಲು ಸಿಕ್ಕಿತ್ತು. ಕೆರೆಯ ಏರಿಯ ಮೇಲೆ, ಒಣ ನೆಲದಲ್ಲಿ, ಚಪ್ಪಲಿ ಕೂಡ ಬಿಡದೆ ನಿಂತು ತೆಗೆದೆ. ಒಂಬತ್ತು ಹೆಬ್ಬಾತುಗಳು, ಹಿಂದೆ ಮಸುಕಾಗಿ ಒಂದು ಒಂಟಿ ತಾಳೆಮರ, ಒಂದರ ಮೇಲೊಂದು ಕೂತ ಬಂಡೆಯ ಗುಡ್ಡ. ಡಾರ್ಕ್‌ರೂಮಿನಲ್ಲಿ ನಡುವಿನ ತುಂಡನ್ನು ಮಾತ್ರ ದೊಡ್ಡದು ಮಾಡಿದೆ. ಹಕ್ಕಿಗಳು ಕೈಗೆ ಸಿಗುವಂತೆ ಬಂದವು. ಹಿಂಬದಿಯಲ್ಲಿ ಬರೆದೆ: “ಕೆರೆಯಂಗಳದ ಎರಡು ಕಪ್ಪು ಬಂಡೆಗಳಿಂದ ನೀರಿನ ಕಡೆಗೆ ಅರವತ್ತು ಹೆಜ್ಜೆ. ಸಣ್ಣ ಲೆನ್ಸು. ನೆಲ ಗಟ್ಟಿ.”

ಕೊನೆಯ ಎರಡು ಪದ ಯಾಕೆ ಬರೆದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸುಳ್ಳಿಗೆ ಒಂದು ನಿಜದ ಧಾಟಿ ಬರಲಿ ಎಂದು ಇರಬೇಕು. ನೆಲದ ಬಗ್ಗೆ ಬರೆಯದಿದ್ದರೆ ಅವರು ಕೇಳುತ್ತಿದ್ದರು.

ಆ ಸುತ್ತಿನಲ್ಲಿ ಮೂರ್ತಿಯವರು ಸಹಿಯ ಮೇಲೆ ಒಂದೇ ಪದ ಬರೆದರು: “ಸೋತೆ.” ಕಾಕಾ ಬರೆದದ್ದು: “ಒಳ್ಳೆಯ ಧೈರ್ಯ. ಬರುವ ವರ್ಷ ನಾನೂ ಅಲ್ಲಿ ನಿಂತು ನೋಡುತ್ತೇನೆ.” ಅಷ್ಟರಲ್ಲಿ ಬಾತುಗಳು ಹೊರಟುಹೋಗಿದ್ದವು. ನಿಜ ಹೇಳಲು ನನಗೆ ಪೂರ್ತಿ ಒಂದು ವರ್ಷ ಸಿಕ್ಕಿತು. ಭಾನುವಾರಗಳಲ್ಲಿ ಅವರ ಮನೆಯಲ್ಲಿ ಎಷ್ಟು ಸಲ ಕೂತಿದ್ದೇನೋ ಲೆಕ್ಕವಿಲ್ಲ. ಕಾಕು ಒಗ್ಗರಣೆ ಅವಲಕ್ಕಿ ತಂದಿಡುತ್ತಿದ್ದರು. ಅವರು ಮಾತಿನ ನಡುವೆ, ಅರವತ್ತು ಹೆಜ್ಜೆ ಅಂದರೆ ನಿನ್ನ ಹೆಜ್ಜೆಯೋ ನನ್ನ ಹೆಜ್ಜೆಯೋ ಎಂದು ತಮಾಷೆ ಮಾಡುತ್ತಿದ್ದರು. ನಾನು ಒಂದು ಆಸೆ ಇಟ್ಟುಕೊಂಡಿದ್ದೆ: ಮಳೆ ಚೆನ್ನಾಗಿ ಬರಲಿ, ಕೆರೆ ತುಂಬಲಿ, ಬಂಡೆ ಮುಳುಗಲಿ. ಮುಳುಗಿದರೆ ಯಾರೂ ಹೋಗಲಾರರು.

ಆ ವರ್ಷ ಮಳೆ ಬರಲಿಲ್ಲ. ಪುಷ್ಯದ ಒಂದು ಬೆಳಿಗ್ಗೆ ಅವರೊಡನೆ ಏರಿಯ ಮೇಲೆ ನಿಂತಾಗ ಮಂಜಿನಲ್ಲೂ ಎರಡು ಕಪ್ಪು ಬಂಡೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನೀರು ಇನ್ನೂ ಹಿಂದಕ್ಕೆ ಸರಿದಿತ್ತು. ನಡುವಿನ ಅಂಗಳ ಒಣಗಿ ಬಿರುಕು ಬಿಟ್ಟು ರೊಟ್ಟಿಯಂತೆ ಕಾಣುತ್ತಿತ್ತು. ಬಾತುಗಳ ಕೂಗು ಕೇಳುತ್ತಿತ್ತು. ಜಾಗ ತೋರಿಸಲು ನನ್ನನ್ನು ಅವರೇ ಕರೆತಂದಿದ್ದರು. ಬಂಡೆಯವರೆಗೆ ಇಬ್ಬರೂ ಇಳಿದೆವು. ಅಲ್ಲಿ ನಾನು ಇಷ್ಟು ಮಾತ್ರ ಅಂದೆ:

“ಕಾಕಾ, ಈ ವರ್ಷ ನೆಲ ಹ್ಯಾಂಗೈತೋ ಏನೋ.”

“ನೀ ಗಟ್ಟಿ ಅಂತ ಬರದೀಯಲ್ಲ. ಹೋದ ವರ್ಷ ನೀರಿದ್ದಾಗ ಗಟ್ಟಿ ಇದ್ದದ್ದು ಈಗ ಒಣಗಿ ಇನ್ನೂ ಗಟ್ಟಿ ಆಗಿರತೈತಿ,” ಎಂದರು. ನೇರವಾದ ತರ್ಕ. ನನ್ನನ್ನು ಬಂಡೆಯ ಮೇಲೆ ಕೂರಿಸಿ, ಇಬ್ಬರು ಹೋದರೆ ಹಕ್ಕಿ ಏಳುತ್ತವೆ ಎಂದು ಹೇಳಿ, ಮೆಲ್ಲಗೆ ಎಣಿಸುತ್ತ ಹೊರಟರು.

ನಲವತ್ತರ ಆಚೀಚೆ ಅವರ ದನಿ ನಿಂತಿತು. ಶಬ್ದವೇನೂ ಆಗಲಿಲ್ಲ. ಮೇಲಿನ ಪದರ ಒಡೆದು ಮೊಣಕಾಲಿನವರೆಗೆ ಹೋಗಿದ್ದರು. ಒಂದು ಕಾಲು ಎತ್ತಲು ನೋಡಿದರು. ಇನ್ನೊಂದು ತೊಡೆಯವರೆಗೆ ಇಳಿಯಿತು. ಬಾತುಗಳು ಒಟ್ಟಿಗೆ ಎದ್ದು ತಲೆಯ ಮೇಲೆ ಹಾದುಹೋದವು. ನಾನು ಬಂಡೆಯಿಂದ ಕೆಳಗೆ ಹಾರಿದೆ. ಅವರು ತಿರುಗದೆ ಕೈ ಮಾತ್ರ ಎತ್ತಿದರು. “ಬರಬ್ಯಾಡ. ನಿಂತಲ್ಲೇ ನಿಂದ್ರು.” ಕಚೇರಿಯಲ್ಲಿ ಜವಾನನಿಗೆ ಕಡತ ಇಡಲು ಹೇಳುವ ದನಿ. ಟ್ರೈಪಾಡನ್ನು ಅಡ್ಡ ಮಲಗಿಸಿ ಎರಡೂ ಕೈಯಿಂದ ಅದರ ಮೇಲೆ ಒರಗಿದರು. ಹೂಳು ಸೊಂಟಕ್ಕೆ ಬಂತು. ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

ಮಂಜು ಹರಿಯತೊಡಗಿತ್ತು. ಅವರು ಮೊದಲು ಆಚೆ ದಡದ ಕಡೆಗೆ ನೋಡಿದರು. ಒಂಟಿ ತಾಳೆಮರ, ಬಂಡೆಯ ಗುಡ್ಡ ಆಗಷ್ಟೇ ಕಾಣಿಸುತ್ತಿದ್ದವು. ತುಸು ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಕತ್ತು ತಿರುಗಿಸಿ ನನ್ನನ್ನು ನೋಡಿದರು.

“ನೀ ಯಾವ ಬದಿಯಿಂದ ಹೋಗಿದ್ದಿ ತಂಗಿ? ಎಡಕ್ಕೋ, ಬಲಕ್ಕೋ? ಗಟ್ಟಿ ನೆಲ ಎಲ್ಲೈತಿ?”

ಆಗ ಹೇಳಬೇಕಿತ್ತು. ನಾನು ಅಲ್ಲಿಗೆ ಹೋಗಿಯೇ ಇಲ್ಲ ಎನ್ನಲು ನಾಲ್ಕು ಪದ ಸಾಕಿತ್ತು. ನನ್ನ ಬಾಯಿಂದ ಬಂದದ್ದು: “ಎಡಕ್ಕರಿ. ಎಡಕ್ಕ ಬರ್ರಿ.”

ಯಾಕೆ ಎಡ? ಗೊತ್ತಿಲ್ಲ. ಬಲಕ್ಕೆ ನೀರು ಮಿನುಗುತ್ತಿತ್ತು, ಎಡಕ್ಕೆ ನೆಲ ಬೆಳ್ಳಗಿತ್ತು, ಅದಿರಬಹುದು. ಇವತ್ತಿಗೂ ಬಸ್ಸಿನಲ್ಲಿ ಯಾರಾದರೂ ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ದಾರಿ ಕೇಳಿದರೆ, ಗೊತ್ತಿರುವ ವಿಳಾಸವಾದರೂ ಗೊತ್ತಿಲ್ಲ ಎಂದುಬಿಡುತ್ತೇನೆ.

ಅವರು ಅಲ್ಲಾಡಲಿಲ್ಲ. ಅಲ್ಲಾಡಲು ಆಗುತ್ತಿಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿನ ಮೇಲೆ, ಏರಿಯ ಪಕ್ಕದ ತಾಳೆತೋಪಿನಲ್ಲಿ ಕಳ್ಳಿಳಿಸುವವನು, ಅಲ್ಲಿನವರ ಮಾತಿನಲ್ಲಿ ಗೌಡ, ಮರದ ಮೇಲಿದ್ದಾನೆ, ಬರುವಾಗ ನೋಡಿದೆ, ಅವನನ್ನು ಕರೆ, ಕಲ್ಲಿರುವ ಕಡೆಯೇ ಕಾಲಿಡು ಎಂದರು. ಓಡಿದೆ. ಆ ಮನುಷ್ಯ ಮರದ ಅರ್ಧದಲ್ಲಿದ್ದ. ನನ್ನ ತೆಲುಗು ಪೂರ್ತಿ ಕೇಳುವ ಮೊದಲೇ ಇಳಿದ. ಐವತ್ತು ದಾಟಿದವನು, ಮೈಯಲ್ಲಿ ಬನಿಯನ್ನು ಕೂಡ ಇರಲಿಲ್ಲ. ಮರ ಹತ್ತಲು ಸೊಂಟಕ್ಕೆ ಸುತ್ತುವ ಹಗ್ಗ ಬಿಚ್ಚಿ, ಮಡಕೆ ಇಳಿಸುವ ಉದ್ದನೆಯ ಹಗ್ಗಕ್ಕೆ ಗಂಟು ಹಾಕಿಕೊಂಡ. ಕಡಿದು ಬಿದ್ದಿದ್ದ ತಾಳೆಗರಿಗಳನ್ನು ನನ್ನ ತಲೆಗೂ ಹೊರಿಸಿದ. ದೂರದಿಂದಲೇ ಕೂಗುತ್ತ ಹೋದ: “ಕದಲೊದ್ದು ಸಾರು. ಅಸಲು ಕದಲೊದ್ದು.” ಅಲ್ಲಾಡಬೇಡಿ, ಸ್ವಲ್ಪವೂ ಅಲ್ಲಾಡಬೇಡಿ ಎಂದು.

ಗರಿಗಳನ್ನು ಒಂದರ ಮುಂದೊಂದು ಹಾಸುತ್ತ, ಹೊಟ್ಟೆಯ ಮೇಲೆ ತೆವಳುತ್ತ ಅವರ ಹತ್ತಿರ ಹೋದ. ಅಷ್ಟರಲ್ಲಿ ಹೂಳು ಎದೆಗೆ ಬಂದಿತ್ತು. ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಗೌಡ ಅವರ ಕಂಕುಳ ಕೆಳಗೆ ಹಗ್ಗ ಹಾಕಿದ; ಇನ್ನೊಂದು ತುದಿ ಬಂಡೆಯ ಬಳಿ ನನ್ನ ಕೈಯಲ್ಲಿತ್ತು. ಅವನು ಅಲ್ಲಿಂದ, ನಾನು ಬಂಡೆಗೆ ಕಾಲು ಕೊಟ್ಟು ಇಲ್ಲಿಂದ, ಎಳೆದೆವು. ಎಷ್ಟು ಹೊತ್ತು ಎಂದು ಹೇಳಲಾರೆ. ನಡುವೆ ಒಮ್ಮೆ ಅವರು ಸಣ್ಣಗೆ ನರಳಿದರು. ಸೊಂಟದಲ್ಲಿ ಏನೋ ಹರಿದದ್ದು ಆಗಲೇ ಇರಬೇಕು. ಹೊರಬಂದಾಗ ಒಂದು ಕಾಲಿನಲ್ಲಿ ಬೂಟು ಇರಲಿಲ್ಲ.

ಬಂಡೆಯ ಮೇಲೆ ಅವರನ್ನು ಕೂರಿಸಿ, ನನ್ನ ಶಾಲು ಹೊದಿಸಿದ ಮೇಲೆ ಗೌಡ ಬೀಡಿ ಹಚ್ಚಿದ. ಗದ್ದ ಎತ್ತಿ ಎಡಗಡೆಯ ಬೆಳ್ಳಗಿನ ನೆಲ ತೋರಿಸಿದ. ಸಾರು ಆ ಕಡೆಗೆ ಒಂದು ಹೆಜ್ಜೆ ಇಟ್ಟಿದ್ದರೂ ತಾನು ಬಂದು ಉಪಯೋಗವಿರಲಿಲ್ಲ ಎಂದ. ಇಟ್ಟಿಗೆಯವರು ಮಣ್ಣು ತೆಗೆದ ಗುಂಡಿ ಅದು, ಎರಡು ಆಳುದ್ದ, ಮೇಲೆ ಹೂಳು ತುಂಬಿದೆ. ಹಿಂದಿನ ಬೇಸಿಗೆಯಲ್ಲಿ ಒಂದು ಎಮ್ಮೆ ಹೋಯಿತು, ಕೊಂಬು ಕೂಡ ಸಿಗಲಿಲ್ಲ. ಕಾಕಾ ಫ್ಲಾಸ್ಕಿನ ಮುಚ್ಚಳದಲ್ಲಿ ಅವನಿಗೆ ಚಹಾ ಸುರಿಯುತ್ತಿದ್ದರು. ನನ್ನ ಕಡೆಗೆ ನೋಡಲಿಲ್ಲ.

ಆಮೇಲೆ ಅವರು ಎಂದೂ ಸರಿಯಾಗಿ ನಡೆಯಲಿಲ್ಲ. ಬಲಗಾಲು ಎಳೆಯುತ್ತಿತ್ತು. ಕೆರೆ, ಬಯಲು ಎಲ್ಲ ಮುಗಿಯಿತು. ಮನೆಯ ಮಾಳಿಗೆಗೆ ಒಂದು ಕುರ್ಚಿ ಹಾಕಿಕೊಂಡರು. ಚಳಿಗಾಲದ ಬೆಳಿಗ್ಗೆ ಲಿಂಗಂಪಲ್ಲಿಯ ಹಳಿಗಳ ಮೇಲೆ ಮಂಜು ಕೂರುತ್ತಿತ್ತು. ಸಿಗ್ನಲ್ ಕಂಬದ ಮೇಲೆ ಕಾಜಾಣ, ತಂತಿಯ ಮೇಲೆ ಕವಲುಬಾಲದ ಅಂಬರಗುಬ್ಬಿಗಳು. ಅವುಗಳಿಗೇ ಹನ್ನೆರಡು ಫೋಟೋ. ಹಿಂಬದಿಯಲ್ಲಿ ಪ್ರತಿ ಸಲ “ಮಾಳಿಗೆ, ಕುರ್ಚಿ” ಎಂದು ಬರೆಯುತ್ತಿದ್ದರು. ಮೂರ್ತಿಯವರು ಅದಕ್ಕೂ ಚುಚ್ಚಿ ಬರೆದರೆ ಜೋರಾಗಿ ನಗುತ್ತಿದ್ದರು. ನನ್ನ ಚಿತ್ರಗಳನ್ನು ಮೊದಲಿನ ಹಾಗೆಯೇ ತಿದ್ದುತ್ತಿದ್ದರು. ಒಂದೇ ಒಂದು ಬದಲಾಗಿತ್ತು. ಸಂಕ್ರಾಂತಿಯ ಮರುವಾರ ಎಂಟೂ ಜನ ಅವರ ಮನೆಯಲ್ಲಿ ಸೇರುತ್ತಿದ್ದೆವು. ಆಗ ಎಲ್ಲರ ಹಿಂಬದಿಯನ್ನೂ ಅವರು ಗಟ್ಟಿಯಾಗಿ ಓದುತ್ತಿದ್ದರು. ನನ್ನದು ಬಂದಾಗ ಮಾತ್ರ ತಾವು ನೋಡಿ ಮುಂದಿನವರ ಕೈಗೆ ದಾಟಿಸುತ್ತಿದ್ದರು. ಅದನ್ನು ಯಾರೂ ಗಮನಿಸಲಿಲ್ಲ. ನಾನು ಗಮನಿಸಿದೆ. ಆದರೆ ತಪ್ಪಾಗಿ ಅರ್ಥ ಮಾಡಿಕೊಂಡೆ. ಆ ದಿನದ ನೆನಪು ನನಗೆ ಬಾರದಿರಲಿ ಎಂದಿರಬೇಕು ಅಂದುಕೊಂಡೆ.

ಆ ಸಭೆಯಲ್ಲೇ ಕಾಕು ಪ್ರತಿ ವರ್ಷ ನನ್ನನ್ನು ನಡುಮನೆಗೆ ಕರೆದು ಕುಂಕುಮ ಹಚ್ಚಿ, ಉಡಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ಗಂಟು ಹಾಕುತ್ತಿದ್ದರು. ಹೊಸಬರು ಯಾರಾದರೂ ಇದ್ದರೆ ಕಥೆ ಮೊದಲಿನಿಂದ ಶುರುವಾಗುತ್ತಿತ್ತು. ಈ ಹುಡುಗಿ ಅಂದು ಧೈರ್ಯಗೆಟ್ಟಿದ್ದರೆ ನನ್ನ ಹಣೆ ಹೀಗಿರುತ್ತಿರಲಿಲ್ಲ ಎನ್ನುತ್ತಿದ್ದರು. ಕಾಕಾ ಮೂಲೆಯಲ್ಲಿ ಕೂತು ಚಹಾ ಊದಿಕೊಂಡು ಕುಡಿಯುತ್ತಿದ್ದರು. ಕಥೆ ಹೇಳುವಾಗ ಕಾಕು ನನ್ನ ಬೆನ್ನ ಮೇಲೆ ಕೈ ಇಡುತ್ತಿದ್ದರು. ಆ ಕೈಯ ತೂಕ ವರ್ಷಕ್ಕೆ ವರ್ಷ ಹೆಚ್ಚಾಯಿತು.

ಏಳು ವರ್ಷ ತಡೆದೆ. ಒಂದು ಮಧ್ಯಾಹ್ನ ಕಾಕು ಅಕ್ಕನ ಮನೆಗೆ ಹೋಗಿದ್ದರು. ಮಾಳಿಗೆಯ ಮೇಲೆ ನಾವಿಬ್ಬರೇ. ಬಿಸಿಲು ಚೆನ್ನಾಗಿತ್ತು. ಅವರು ಲೆನ್ಸು ಒರೆಸುತ್ತಿದ್ದರು. ನಾನು ಯಾವ ಪೀಠಿಕೆಯೂ ಇಲ್ಲದೆ, ಆ ಫೋಟೋ ಏರಿಯ ಮೇಲಿಂದ ತೆಗೆದದ್ದು, ಅಂಗಳಕ್ಕೆ ನಾನು ಇಳಿದೇ ಇರಲಿಲ್ಲ ಎಂದೆ.

“ಗೊತ್ತೈತಿ,” ಎಂದರು. ಲೆನ್ಸು ಒರೆಸುವುದು ನಿಲ್ಲಲಿಲ್ಲ.

ಮಂಜು ಹರಿದಾಗ ತಿಳಿಯಿತಂತೆ. ನನ್ನ ಚಿತ್ರದಲ್ಲಿ ತಾಳೆಮರ ಗುಡ್ಡದ ಎಡಕ್ಕಿತ್ತು. ಅವರು ಸಿಕ್ಕಿಕೊಂಡಿದ್ದ ಜಾಗದಿಂದ ಅದು ಬಲಕ್ಕೆ ಕಾಣುತ್ತಿತ್ತು. ಮೂವತ್ತು ವರ್ಷ ನಕ್ಷೆ ಬರೆದವರಿಗೆ ಅಷ್ಟು ಸಾಕು. ಎಂಟು ಮನೆಯಲ್ಲಿ ಯಾರೂ ಹಿಂಬದಿ ಸುಳ್ಳು ಬರೆಯುವುದಿಲ್ಲ ಎಂದು ನಂಬಿ ಬಂದಿದ್ದೆ, ಅದು ನನ್ನ ತಪ್ಪು ಎಂದರು. ನಕ್ಷೆ ನಂಬಿ ನೆಲ ನೋಡದೆ ಕಾಲಿಡಬಾರದು ಎಂದು ಅವರೇ ಕಚೇರಿಯ ಹುಡುಗರಿಗೆ ಹೇಳುತ್ತಿದ್ದರಂತೆ.

“ಗೊತ್ತಿದ್ದೂ ನನ್ನ ಯಾಕ ಕೇಳಿದ್ರಿ? ಎಡಕ್ಕೋ ಬಲಕ್ಕೋ ಅಂತ?”

“ನೀ ಹೇಳ್ತೀಯೇನೋ ಅಂತ.”

“ನಾ ಎಡಕ್ಕ ಅಂದೆ.”

“ಹೌದು. ಎಡಕ್ಕ ಅಂದಿ.” ಲೆನ್ಸನ್ನು ಬಿಸಿಲಿಗೆ ಹಿಡಿದು ನೋಡಿದರು. “ಅದಕ್ಕ ನಾ ಅಲ್ಲಾಡಲಿಲ್ಲ.”

ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಮಾತು ನಂಬದಿದ್ದರಿಂದಲೇ ತಾವು ಬದುಕಿದ್ದು ಎಂಬುದನ್ನು ಅಷ್ಟು ಸಪ್ಪೆಯಾಗಿ ಹೇಳಿ ಕ್ಯಾಮೆರಾ ಚೀಲಕ್ಕೆ ಹಾಕಿದರು. ಮೆಟ್ಟಿಲಿಳಿಯಲು ನನ್ನ ಭುಜ ಹಿಡಿದುಕೊಂಡರು; ಯಾವಾಗಲೂ ಹಿಡಿಯುತ್ತಿದ್ದರು. ನಡುವಿನ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡು ಇನ್ನೊಂದು ಮಾತು ಅಂದರು:

“ನಿಮ್ಮ ಕಾಕುಗ ಹೇಳೂದಿದ್ರ ನೀನ ಹೇಳು. ನಾ ಹೇಳಿದ್ರ ಚಾಡಿ ಆಗತೈತಿ.”

ಹೇಳಲಿಲ್ಲ. ಮುಂದಿನ ಹನ್ನೊಂದು ಸಂಕ್ರಾಂತಿಗೂ ಬೆನ್ನ ಮೇಲೆ ಕೈ ಇಡಿಸಿಕೊಂಡೆ. ಉಡಿ ತುಂಬಿಸಿಕೊಂಡೆ. ಈ ನಡುವೆ ಪೆಟ್ಟಿಗೆ ನಿಂತುಹೋಯಿತು. ಡಿಜಿಟಲ್ ಕ್ಯಾಮೆರಾ ಬಂದವು, ಗೆಳೆಯರು ಫೋಟೋಗಳನ್ನು ಇ-ಮೇಲಿನಲ್ಲಿ ಕಳಿಸತೊಡಗಿದರು. ಹಿಂಬದಿಯೇ ಇಲ್ಲದ ಫೋಟೋ ಹೇಗೆ ನೋಡುವುದು ಎಂದು ಅವರು ಒಮ್ಮೆ ಕೇಳಿದ್ದುಂಟು. ಆದರೂ ಅವರ ಮಗಳು ಕಂಪ್ಯೂಟರಿನಲ್ಲಿ ತೋರಿಸಿದ್ದನ್ನು ತಾಳ್ಮೆಯಿಂದ ನೋಡುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು. ಕೊನೆಯ ಎರಡು ಚಳಿಗಾಲ ಒಂದೂ ಫೋಟೋ ತೆಗೆಯಲಿಲ್ಲ. ಕುರ್ಚಿ ಮಾತ್ರ ಮಾಳಿಗೆಯಲ್ಲೇ ಇತ್ತು.

ಹದಿಮೂರನೆಯ ದಿನ ಕಳೆದ ಮೇಲೆ ಹೋದೆ. ಬಂದವರೆಲ್ಲ ಹೊರಟುಹೋಗಿದ್ದರು. ಮಗಳು ಕೆಲಸಕ್ಕೆ ಹೋಗಿದ್ದಳು. ಕಾಕು ಒಬ್ಬರೇ ಅಡುಗೆಮನೆಯ ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, ನೀನು ಇದ್ದೀ ಎಂದು ಇಷ್ಟು ವರ್ಷ ನನಗೆ ಸಿಕ್ಕರು, ಇಲ್ಲದಿದ್ದರೆ ಆವತ್ತೇ ಮುಗಿದಿತ್ತು ಎಂದರು. ಕೈ ಬೆನ್ನಿನ ಕಡೆಗೆ ಬರುತ್ತಿತ್ತು.

“ಕಾಕು, ಅದು ಹಂಗಲ್ಲರಿ,” ಎಂದೆ.

ಎಲ್ಲ ಹೇಳಿದೆ. ಏರಿಯ ಮೇಲೆ ನಿಂತದ್ದು, ಹಿಂಬದಿಯಲ್ಲಿ ಬರೆದದ್ದು, ಒಂದು ವರ್ಷ ಸುಮ್ಮನಿದ್ದದ್ದು, ಅವರು ಕೇಳಿದ್ದು, ನಾನು ಎಡಕ್ಕೆ ಎಂದದ್ದು, ಎಡಕ್ಕಿದ್ದ ಗುಂಡಿ. ಲ್ಯಾಬಿನ ವರದಿಯಂತೆ ಒಂದೊಂದಾಗಿ ಹೇಳಿದೆ. ಹಾಗೆ ಹೇಳಿದರೆ ಮಾತ್ರ ಹೇಳಲು ಆಗುತ್ತಿತ್ತು.

ಕಾಕು ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಆಮೇಲೆ ಕೇಳಿದರು: “ಅವರಿಗ ಗೊತ್ತಿತ್ತೇನು?”

“ಗೊತ್ತಿತ್ತರಿ.”

“ಯಾವಾಗಿಂದ?”

“ಅಲ್ಲಿ ಸಿಕ್ಕೊಂಡಾಗಿಂದ.”

“ಅಂದ್ರ ಪ್ರತಿ ವರ್ಷ ನಾ ನಿನಗ ಉಡಿ ತುಂಬೂದನ್ನ ನೋಡಿಕೋತ ಕುಂತಿದ್ರು.” ದನಿಯಲ್ಲಿ ಅಳು ಇರಲಿಲ್ಲ. “ನನ್ನ ಮುಂದ ಬಾಯಿ ಬಿಡಲಿಲ್ಲ. ಇದ್ದಾಗ ಹೇಳಿದ್ದಿ ಅಂದ್ರ ಅವರ ಜೋಡಿ ಜಗಳ ಆಡ್ತಿದ್ದೆ ನಾ. ಈಗ ಯಾರ ಜೋಡಿ ಆಡ್ಲಿ?”

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತರು.

“ನೀ ಇವತ್ತ ಹೋಗು. ಮತ್ತ ಬಾ ಅಂತ ನಾ ಅನ್ನೂದಿಲ್ಲ. ಬರಬ್ಯಾಡ ಅಂತೂ ಅನ್ನೂದಿಲ್ಲ.”

ಯಾವಾಗಲೂ ಗೇಟಿನವರೆಗೆ ಬರುತ್ತಿದ್ದವರು ಅಂದು ಬರಲಿಲ್ಲ. ನಾನು ಹೊರಗೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ದನಿ ಕೇಳಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. “ಏನ್ರಿ,” ಎಂದರು ಕಾಕು, ಸ್ವಲ್ಪ ತಡೆದು, ಈ ಸಲ ಗಟ್ಟಿಯಾಗಿ, “ನಿಮಗ ಕೇಳಾಕತ್ತೀನಿ, ಏನ್ರಿ.”